ಸಾಲಿನ ಕೊನೆಗೊಂದು ಪಿನ್

"ಹೇರ್‌ಬ್ಯಾಂಡ್ ಹೆಣೆಯೋದು ಹೇಳ್ಕೊಡ್ತೀರಾ? ನೂಲಿಂದು. ತಲೆ ಮೇಲಿದೆ ಅಂತಾನೇ ಗೊತ್ತಾಗಬಾರ್ದು, ಅಷ್ಟು ಹಗುರ ಇರ್ಬೇಕು."

ಮೇಘಶ್ರೀ ನೂಲಿನ ಉಂಡೆಗಳ ಮಧ್ಯದಿಂದ ತಲೆ ಎತ್ತಿದಳು. ಹಣೆಗೆ ಬಿದ್ದ ಕೂದಲನ್ನು ಮುಂಗೈಯಿಂದ ಸರಿಸಿದಳು. ಮೂಡಿಗೆರೆ ಬಸ್ ಸ್ಟ್ಯಾಂಡ್ ಹತ್ತಿರದ ಅವಳ ಪುಟ್ಟ ಅಂಗಡಿಗೆ ಕ್ರೋಶಾ ಕಲಿಯಲು ಬರುವವರೆಲ್ಲ ಹೆಂಗಸರೇ. ಇವನು ನೋಡಿದರೆ ದೇವರಮನೆ ಗುಡ್ಡದ ಕಡೆಯ ಎಸ್ಟೇಟಿನ ರೈಟರ್ ಅಶ್ವಿನ್. ಆಳುಗಳ ಹಾಜರಿ ಬರೆಯುವವನು, ಬೂಟಿನ ತುಂಬಾ ಕೆಮ್ಮಣ್ಣು.

"ಯಾರಿಗೆ?"

"ತಂಗಿಗೆ," ಅಂದ, ಗೋಡೆಗೆ ತೂಗುಹಾಕಿದ ಲೇಸುಗಳನ್ನು ನೋಡುತ್ತಾ.

ಸಂತೆಯ ದಿನ ತೋಟಕ್ಕೆ ರಜೆ. ಪ್ರತಿ ಸಂತೆಗೂ ಅವನು ಜೀಪು ಇಳಿದು ನೇರ ಇಲ್ಲಿಗೇ ಬರತೊಡಗಿದ. ತೆಳು ಹತ್ತಿ ನೂಲು, ಬಿಳಿ ಬಣ್ಣ. ಸಾಲಿಗೆ ಹತ್ತು ಸ್ಟಿಚ್ಚು, ತಿರುಗಿಸಿ ಮತ್ತೆ ಹತ್ತು. ತಲೆ ಸುತ್ತುವಷ್ಟು ಉದ್ದವಾದಾಗ ಎರಡು ತುದಿ ಸೇರಿಸಿದರೆ ಮುಗಿಯಿತು.

"ಇಷ್ಟೇನಾ?"

"ಇಷ್ಟೇ."

ಇಷ್ಟೇ ಆಗಿರಲಿಲ್ಲ. ಹೊಸಬರ ಕಣ್ಣಿಗೆ ಸಾಲಿನ ಕೊನೆಯ ಸ್ಟಿಚ್ಚು ಕಾಣುವುದಿಲ್ಲ. ಬಿಟ್ಟುಬಿಡುತ್ತಾರೆ, ಪಟ್ಟಿ ಸಣ್ಣದಾಗುತ್ತಾ ಹೋಗುತ್ತದೆ. ಅದಕ್ಕೇ ಮೇಘಶ್ರೀ ಎಲ್ಲರಿಗೂ ಮೊದಲ ದಿನವೇ ಒಂದು ಸೇಫ್ಟಿ ಪಿನ್ ಕೊಟ್ಟು, ತುದಿಯ ಸ್ಟಿಚ್ಚಿಗೆ ಸಿಕ್ಕಿಸಿಕೊಳ್ಳಿ ಅನ್ನುತ್ತಿದ್ದಳು.

ಅಶ್ವಿನನಿಗೆ ಮೊದಲ ವಾರ ಕೊಡಲು ನಿಜಕ್ಕೂ ಮರೆತಳು. ಎರಡನೇ ವಾರ ಅವನು ತುದಿ ಚೂಪಾದ ಪಟ್ಟಿ ಹಿಡಿದು ಬಂದ.

"ಮೇಡಂ, ಇದು ಹೇರ್‌ಬ್ಯಾಂಡಾ, ಬಜ್ಜಿ ಮೆಣಸಿನಕಾಯಾ?"

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೂದಲು ಮತ್ತೆ ಹಣೆಗೆ ಬಿತ್ತು. ಅವನು ಆ ಕೂದಲನ್ನೇ ನೋಡಿದ. ಅವಳು ನೋಡಿದ್ದೇ ತಡ, ನೂಲು ನೋಡಿದ. ಪಿನ್ನಿನ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಇದೊಂದು ವಾರ ಪಿನ್ ಇಲ್ಲದೇ ನಡೆಯಲಿ ಅಂದುಕೊಂಡು ಮೇಘಶ್ರೀ ನೂಲಿನ ತುದಿ ಎಳೆದಳು. ಪಟ್ಟಿ ಸರಸರನೆ ಬಿಚ್ಚಿಕೊಂಡಿತು.

"ಮೊದಲಿಂದ ಮಾಡಿ. ಮುಂದಿನ ಸಂತೆಗೆ ತನ್ನಿ."

ಮೂರನೇ ವಾರ ಕಾಫಿ ಗಿಡದ ರೆಂಬೆಯಿಂದ ತಾನೇ ಕೆತ್ತಿದ ಕ್ರೋಶಾ ಕಡ್ಡಿ ತಂದ. "ಸ್ಟೀಲಿಂದು ಜಾರ್ತದೆ." ಪಟ್ಟಿ ಮಾತ್ರ ಮತ್ತೆ ಚೂಪು. ಮತ್ತೆ ಬಿಚ್ಚಿದಳು. ನಾಲ್ಕನೇ ವಾರವೂ ಬಿಚ್ಚಿದಳು.

ಐದನೇ ವಾರ ಅಂಗಡಿಯಲ್ಲಿ ಪಕ್ಕದ ಬೀದಿಯ ನಂಜಮ್ಮ ಕೂತಿದ್ದರು. "ಎಂತದು ಮಾರಾಯ, ಇನ್ನೂ ಮುಗಿದಿಲ್ವಾ? ಇಲ್ಲಿ ಬೇರೆ ಏನೋ ನಡೀತಿದೆಯಪ್ಪ!" ಎಂದು ಕಣ್ಣು ಕಿರಿದು ಮಾಡಿದರು.

ಮೇಘಶ್ರೀ ಥಟ್ಟನೆ ನೂಲಿನ ಉಂಡೆಗಳನ್ನು ಜೋಡಿಸತೊಡಗಿದಳು. "ಅಯ್ಯೋ, ಇವ್ರ ಕೈಲಿ ಈ ಜನ್ಮದಲ್ಲಿ ಆಗಲ್ಲ ಬಿಡಿ ನಂಜಮ್ಮ," ಅಂದಳು, ಬೇಕಾದ್ದಕ್ಕಿಂತ ಜೋರಾಗಿ.

ಅಶ್ವಿನ್ ನಕ್ಕ. ನೂಲನ್ನು ನಿಧಾನಕ್ಕೆ ಸುತ್ತಿ ಜೇಬಿಗೆ ಹಾಕಿಕೊಂಡ. ಕಡ್ಡಿ ಮೇಜಿನ ಮೇಲೇ ಉಳಿಯಿತು. ಮುಂದಿನ ಎರಡು ಸಂತೆಗೆ ಅವನು ಬರಲಿಲ್ಲ.

ಕಾಫಿ ಹೂ ಅರಳಿಸುವ ಹೂಮಳೆ ಬಿತ್ತು. ತೋಟಗಳೆಲ್ಲ ಬೆಳ್ಳಗಾಗಿ, ಬಸ್ ಸ್ಟ್ಯಾಂಡಿನವರೆಗೂ ಕಾಫಿ ಹೂವಿನ ವಾಸನೆ. ಸಂತೆಯಲ್ಲದ ಒಂದು ದಿನ ಅಶ್ವಿನ್ ಬಂದ. ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಬಿಳಿ ಪಟ್ಟಿ ಬಿಡಿಸಿಟ್ಟ. ಎರಡು ಅಂಚೂ ಗೆರೆ ಎಳೆದಷ್ಟು ನೇರ.

"ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು ಮಾಡಿದೆ. ಶುರುವಲ್ಲೇ ಹೇಳ್ತಾರೆ, ತುದಿಗೆ ಪಿನ್ ಹಾಕಿ ಅಂತ. ನೀವು ಮರ್ತಿದ್ರಾ?"

ಹೌದು ಅಂದರೆ ಮುಗಿದುಹೋಗುತ್ತಿತ್ತು.

"ಮರ್ತಿರ್ಲಿಲ್ಲ."

"ಮತ್ತೆ?"

"ಮುಗಿದ್ರೆ ನೀವು ಬರೋದು ನಿಲ್ತದಲ್ಲ, ಅದ್ಕೆ."

ಅವನು ಸ್ಟೂಲಿನ ಮೇಲೆ ಕುಸಿದು ಕೂತ.

"ಮುಗಿದ ದಿನ ನಿಮ್ಗೇ ಕೊಟ್ಟು, ಕೇಳೋಣ ಅಂತಿದ್ದೆ ನಾನು. ಬಂದ ಸಂಬಂಧಕ್ಕೆ ಹೂ ಬಿಡೋದ್ರೊಳಗೆ ಒಂದು ಮಾತು ಹೇಳು ಅಂತ ಅಮ್ಮ ಹಿಡ್ಕೊಂಡಿದ್ರು. ಈ ಜನ್ಮದಲ್ಲಿ ಆಗಲ್ಲ ಅಂದ್ರಲ್ಲ ನೀವು. ನನ್ ಮನಸ್ಸು ಗೊತ್ತಾಗೇ ಹಾಗಂದ್ರಿ ಅಂದ್ಕೊಂಡೆ. ಅಮ್ಮಂಗೆ ಹೂಂ ಅಂದೆ."

"ತಂಗಿಗೆ ಅಂದಿದ್ರಿ..."

"ನಂಗೆಲ್ಲಿ ತಂಗಿ ಮಾರಾಯ್ತಿ? ಮನೇಲಿ ನಾನೊಬ್ನೇ."

ಇಬ್ಬರೂ ನಗಲು ಹೋದರು. ನಗು ಅರ್ಧಕ್ಕೇ ನಿಂತಿತು.

ಪತ್ರಿಕೆಯಲ್ಲಿ ಅವನ ಹೆಸರಿನ ಪಕ್ಕ ದಿವ್ಯಾ ಎಂಬ ಹೆಸರಿತ್ತು. ಮೇಘಶ್ರೀ ಅದರ ಮೇಲೆ ಬೆರಳಿಟ್ಟಳು. "ಒಳ್ಳೆಯವ್ರಾ?"

"ಒಳ್ಳೆಯವ್ಳೇ. ಪಾಪ, ಅವ್ಳಿಗೆ ಇದೆಲ್ಲ ಗೊತ್ತಿಲ್ಲ."

"ಗೊತ್ತಾಗೋದು ಬೇಡ."

ಅವನು ತಲೆಯಾಡಿಸಿ ಪಟ್ಟಿಯನ್ನು ಅವಳತ್ತ ಸರಿಸಿದ. "ಎರಡು ತುದಿ ಸೇರ್ಸೋದು ಮಾತ್ರ ನಂಗೆ ಬರ್ಲಿಲ್ಲ."

ಕೊನೆಯ ಕುಣಿಕೆ ಬಿಚ್ಚದಂತೆ ಅದಕ್ಕೊಂದು ಪಿನ್ ಹಾಕಿದ್ದ. ಅವಳು ಡ್ರಾಯರಿನಿಂದ ಆ ಕಾಫಿ ಕಡ್ಡಿ ತೆಗೆದಳು. ಅದನ್ನು ಎತ್ತಿಟ್ಟಿದ್ದಾಳೆಂದು ಅವನಿಗೆ ಈಗಷ್ಟೇ ಗೊತ್ತಾಯಿತು. ಪಿನ್ ಬಿಡಿಸಿ, ತುದಿಗಳನ್ನು ಸೇರಿಸಿ, ಗಂಟು ಹಾಕಿ ನೂಲು ಕತ್ತರಿಸಿದಳು. ತಲೆಗೆ ಹಾಕಿಕೊಂಡಳು. ಅಳತೆ ಸರಿಯಾಗಿತ್ತು.

"ಭಾರ ಇಲ್ಲ ತಾನೇ?"

"ಇಲ್ಲ. ಇದೆ ಅಂತಾನೇ ಗೊತ್ತಾಗಲ್ಲ."

ಅವನು ಎದ್ದ. ಜೀಪು ತಿರುವು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಮಂಜಾಯಿತು. ಕೂದಲು ಅಡ್ಡ ಬಂದಿರಬೇಕು ಅಂದುಕೊಂಡು, ಸರಿಸಲು ಮುಂಗೈ ಎತ್ತಿದಳು. ಹಣೆಯ ಮೇಲೆ ಕೂದಲಿರಲಿಲ್ಲ.