ಬಿಡುವಿನ ಭಾನುವಾರ

"ಮುಖ ಊದಿಸ್ಕೊಂಡು ಕೂತ್ಕೋಬೇಡವೋ ವಿಲ್ಮಾರ್. ಮಾತಾಡೋಕೆ ಹನ್ನೆರಡು ನಿಮಿಷ ಕೊಡ್ಸಿದ್ದೀನಲ್ಲ! ಬೇರೆಯವರಾಗಿದ್ರೆ ಗೋಡೆಗೊಂದು ಚಿತ್ರಪಟ ಅಂಟಿಸಿ, ಅದರ ಪಕ್ಕ ದ್ವಾರಪಾಲಕನ ಥರ ನಿಲ್ಸಿರೋರು."

ಹೀಗೆಂದ ಡಾಕ್ಟರ್ ಒರೆಸ್ತೆ ಫೊಂಟೋರಾ, ಸಾಲ್ತೇನ್ಯಾದ ಮೂಲೆ ಕಚ್ಚಿ ಒಳಗಿನ ಸಾರನ್ನು ಸುರ್ರೆಂದು ಹೀರಿದ. ಬೊಲಿವಿಯಾದ ಈ ಕೊಚಬಾಂಬಾ ಊರಿನ ಜನ ಈ ಮಾಂಸದ ಕಡುಬನ್ನು ಒಂದು ಹನಿ ಚೆಲ್ಲದೆ ತಿಂದು ಮುಗಿಸುತ್ತಾರೆ. ಒರೆಸ್ತೆಯ ಟೈ ಮೇಲೆ ಆಗಲೇ ಮೂರು ಹನಿ ಬಿದ್ದಿದ್ದವು.

"ನನ್ನದು ಎರಡೂವರೆಗೆ ಇಟ್ಟಿದ್ದಾರೆ, ಡಾಕ್ಟ್ರೇ. ಈ ಊರಲ್ಲಿ ಆ ಹೊತ್ತಿಗೆ ನಾಯಿ ಕೂಡ ಮಲಗಿರುತ್ತೆ."

"ಒಳ್ಳೇದೇ ಆಯ್ತು, ಯಾರೂ ಪ್ರಶ್ನೆ ಕೇಳಲ್ಲ! ನೋಡು ಮರಿ, ಪರದೇಶದ ಸಮ್ಮೇಳನ ಅಂದ್ರೆ ಅರ್ಧ ಮಾತು, ಅರ್ಧ ಊರು ಸುತ್ತೋದು. ನಿನಗೆ ಮಾತು ಕಮ್ಮಿ ಬಿದ್ದಿದೆ, ಸುತ್ತೋದು ಜಾಸ್ತಿ ಮಾಡು. ಸರಿಹೋಗುತ್ತೆ."

ವಿಲ್ಮಾರ್ ಎಚೆಪಾರೆ ನಕ್ಕ. ಹತ್ತೊಂಬತ್ತು ವರ್ಷದಿಂದ ಈ ಮನುಷ್ಯನ ಮುಂದೆ ಅವನು ನಗುತ್ತಲೇ ಬಂದಿದ್ದ.

ಆ ಹತ್ತೊಂಬತ್ತು ವರ್ಷ ಅವನು ಕಳೆದದ್ದು ಉರುಗ್ವೆಯ ಉತ್ತರದ ಹುಲ್ಲುಗಾವಲಿನಲ್ಲಿ, ಕೂಲಿಗಳ ಹುಲ್ಲುಮನೆಗಳ ಸೂರು ಎತ್ತಿ ಎತ್ತಿ ನೋಡುತ್ತ. ಸೂರಿನಲ್ಲಿ ಅಡಗಿ, ಮಲಗಿದವರ ಮುಖದ ರಕ್ತ ಹೀರುವ ವಿಂಚೂಕಾ ತಿಗಣೆ ಯಾವ ಹಳ್ಳಿಯಲ್ಲಿದೆ, ಯಾರ ಹೃದಯವನ್ನು ಅದರ ಕಾಯಿಲೆ ಒಳಗೊಳಗೇ ತಿಂದಿದೆ ಎಂದು ಮನೆಮನೆಯನ್ನೂ ಗುರುತು ಹಾಕಿ ಭೂಪಟ ಬರೆದವನು ಅವನು. ಒರೆಸ್ತೆ ವಿಭಾಗದ ಮುಖ್ಯಸ್ಥ. ಆ ಕಡೆಗೆ ಎರಡು ಸಲ ಬಂದಿದ್ದ, ಎರಡು ಸಲವೂ ಕುರಿಮಾಂಸ ಸುಡಿಸಿಕೊಂಡು ತಿಂದು ಹೋಗಿದ್ದ.

ಬುಧವಾರ ಬೆಳಿಗ್ಗೆ, ಹದಿನಾಲ್ಕು ದೇಶದ ವೈದ್ಯರ ಮುಂದೆ, ಒರೆಸ್ತೆ ಒಂದು ಗಂಟೆ ಉದ್ಘಾಟನಾ ಭಾಷಣ ಮಾಡಿದ. ಪರದೆಯ ಮೇಲೆ ವಿಲ್ಮಾರನ ಭೂಪಟಗಳು ಒಂದಾದ ಮೇಲೊಂದು ಬಂದವು. ಒಂದು ಚಿತ್ರದ ಅಂಚಿನಲ್ಲಿ ವಿಲ್ಮಾರನ ಬೂಟು ಕಾಣುತ್ತಿತ್ತು. ಒರೆಸ್ತೆ ಅದನ್ನು ಕೋಲಿನಿಂದ ತೋರಿಸಿ, "ನಮ್ಮ ಸಹಾಯಕರೊಬ್ಬರ ಕಾಲು," ಎಂದ. ಸಭೆ ನಕ್ಕಿತು. ಎರಡೂವರೆಗೆ ವಿಲ್ಮಾರ್ ಮಾತಾಡಿದಾಗ ಕೋಣೆಯಲ್ಲಿ ಏಳು ಜನ ಇದ್ದರು, ಮೂವರು ನಿದ್ದೆಯಲ್ಲಿ, ಒಬ್ಬ ಮೈಕಿನವನು. ಇಷ್ಟೂ ನುಂಗಿಕೊಳ್ಳಬಹುದಿತ್ತು. ಆದರೆ ಆ ಭೂಪಟಗಳು ಪುಸ್ತಕವಾಗುತ್ತಿವೆ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರೆಲ್ಲ ಉಳಿದುಕೊಂಡಿದ್ದ ಇದೇ ಹೋಟೆಲಿನಲ್ಲಿ ಪ್ರಕಾಶಕರ ಒಪ್ಪಂದಕ್ಕೆ ಸಹಿ, ಮುಖಪುಟದಲ್ಲಿ ಒಂದೇ ಹೆಸರು ಎಂಬ ಸುದ್ದಿ ಸಂಜೆಯ ಚಹಾಕ್ಕೆ ಬಂತು. ಒರೆಸ್ತೆಯೇ ಬಂದು ಹೇಳಿದ. "ಕೃತಜ್ಞತೆ ಹೇಳೋ ಪುಟದಲ್ಲಿ ನಿನ್ನ ಹೆಸರು ಹಾಕ್ಸಿದ್ದೀನಿ ಕಣೋ, ಡ್ರೈವರ್ ಹೆಸರಿನ ಕೆಳಗೆ. ಅಕ್ಷರಮಾಲೆ ಪ್ರಕಾರ ಬಂದಿದೆ, ತಪ್ಪು ತಿಳ್ಕೋಬೇಡ."

ಗುರುವಾರ ವಿಲ್ಮಾರ್ ಸಮ್ಮೇಳನಕ್ಕೆ ಚಕ್ಕರ್ ಹಾಕಿ, ಬೀದಿಯಲ್ಲಿ ಸಿಕ್ಕಿದ ಟ್ಯಾಕ್ಸಿ ಹತ್ತಿ, ಮೂರು ಗಂಟೆ ದೂರದ ಇಂಕಾಯಾಕ್ತಾದ ಹಾಳುಕೋಟೆ ನೋಡಲು ಹೋದ. ಊರು ಸುತ್ತು ಎಂದು ಆ ಮಹಾನುಭಾವನೇ ಹೇಳಿದ್ದನಲ್ಲ. ಕೋಟೆಯ ಬಾಗಿಲಲ್ಲಿ ಬೇಯಿಸಿದ ಜೋಳ ಮತ್ತು ಗಿಣ್ಣು ಮಾರುತ್ತಿದ್ದ ಹೆಂಗಸು ಒಂದು ಕಟ್ಟಿನಿಂದ ಟಿಕೆಟು ಹರಿದು ಕೊಟ್ಟಳು. ಬಿಸಿಲಲ್ಲಿ ಕಲ್ಲಿನ ಮೇಲೆ ಕೂತು ಅವನು ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಹಸಿರು ಕಾಗದ, ಕೋಟೆಯ ಚಿತ್ರ, ಊರ ಪಂಚಾಯಿತಿಯ ಮುದ್ರೆ. ತಾರೀಖು ಮಾತ್ರ ಇರಲಿಲ್ಲ.

ತಾರೀಖಿಲ್ಲದ ಟಿಕೆಟು ಯಾವ ದಿನಕ್ಕೆ ಬೇಕಾದರೂ ಆಗುತ್ತದೆ. ಅಲ್ಲಿಂದ ಮುಂದಿನದ್ದು ತಾನಾಗಿಯೇ ಬೆಳೆಯಿತು.

ಆಯೋಜಕರು ಭಾನುವಾರ ಯಾವ ಕಾರ್ಯಕ್ರಮವನ್ನೂ ಇಟ್ಟಿರಲಿಲ್ಲ. ಶನಿವಾರ ಸಂಜೆ ಮುಕ್ತಾಯ, ಎಲ್ಲರ ವಿಮಾನವೂ ಸೋಮವಾರ ಮಧ್ಯಾಹ್ನ. ನಡುವಿನ ಆ ಒಂದು ಖಾಲಿ ದಿನವನ್ನು ಬೊಲಿವಿಯಾದವರ ಸೋಮಾರಿತನ ಎಂದು ವಿಲ್ಮಾರ್ ಅಂದುಕೊಂಡ, ಮನಸ್ಸಿನಲ್ಲೇ ಅವರಿಗೆ ವಂದನೆ ಹೇಳಿದ.

ಒರೆಸ್ತೆಯ ಬೆಳಗುಗಳು ಗಡಿಯಾರದ ಹಾಗೆ. ಉರುಗ್ವೆಯವನು ಲೋಕದ ಯಾವ ಮೂಲೆಗೆ ಹೋದರೂ ತನ್ನ ಮಾಟೆ ಬಿಡುವವನಲ್ಲ. ಕಹಿ ಎಲೆ ತುಂಬಿದ ಬುರುಡೆ ಒಂದು ಕೈಯಲ್ಲಿ, ಹೀರುಗೊಳವೆ ಬಾಯಲ್ಲಿ, ಬಿಸಿನೀರಿನ ಫ್ಲಾಸ್ಕು ಇನ್ನೊಂದು ಕಂಕುಳಲ್ಲಿ. ಒಂಬತ್ತು ಗಂಟೆಗೆ ಸರಿಯಾಗಿ ಅವನು ಮೂರನೇ ಮಹಡಿಯಿಂದ ಹಿಂಬದಿಯ ಕಲ್ಲುಮೆಟ್ಟಿಲಿಳಿದು ನೇರ ಅಡುಗೆಮನೆಗೆ ಹೋಗುತ್ತಾನೆ, ಫ್ಲಾಸ್ಕು ತುಂಬಿಸಿಕೊಂಡು ಹೀರುತ್ತ ಹತ್ತಿ ಬರುತ್ತಾನೆ. ಮೆಟ್ಟಿಲ ಕಟಕಟೆ ಹಿಡಿಯಲು ಮೂರನೇ ಕೈ ಬೇಕು. ಅಂಥವನು ಬಿದ್ದು ಸತ್ತರೆ ಜನ ಅಯ್ಯೋ ಎನ್ನುತ್ತಾರೆ, ಹೇಗೆ ಎಂದು ಕೇಳುವುದಿಲ್ಲ. ಉಪಮುಖ್ಯಸ್ಥನಾದ ವಿಲ್ಮಾರನ ಮೇಜಿಗೆ ಭೂಪಟಗಳು ತಾವಾಗಿಯೇ ವಾಪಸು ಬರುತ್ತವೆ.

ಶನಿವಾರ ಎಲ್ಲರೂ ಮುಕ್ತಾಯ ಸಮಾರಂಭದಲ್ಲಿ ಕೂತಿದ್ದಾಗ ಅವನು ದಾರಿಯನ್ನು ಎರಡು ಸಲ ನಡೆದು ನೋಡಿದ. ಇಪ್ಪತ್ತೆರಡು ಸಮ್ಮೇಳನಗಳಲ್ಲಿ ಒಂದರಲ್ಲೂ ಅವನು ಕೊನೆಯ ಸೂಚನೆಗಳಿಗೆ ಕೂತವನಲ್ಲ. ಪ್ರಮಾಣಪತ್ರ ಎಲ್ಲಿ ಸಿಗುತ್ತೆ, ನಾಳೆ ತಿಂಡಿ ಎಷ್ಟು ಹೊತ್ತಿಗೆ ಎಂಬ ಆ ಪ್ರವರವನ್ನು ಯಾರು ಕೇಳುತ್ತಾರೆ? ಮೆಟ್ಟಿಲ ತುದಿಯಲ್ಲಿ ಹಾಸಿಗೆ ಹೊದಿಕೆ ಇಡುವ ಕೋಣೆ. ಅಲ್ಲಿಂದ ಹನ್ನೆರಡು ಹೆಜ್ಜೆಗೆ ಲಿಫ್ಟು. ಲಿಫ್ಟಿನಿಂದ ನೇರ ನೆಲಮಾಳಿಗೆ, ಅಲ್ಲಿ ಕಾರು ನಿಲ್ಲಿಸುವ ಜಾಗ, ಪಕ್ಕದಲ್ಲಿ ಸಮ್ಮೇಳನದ ಸಾಮಾನು ತುಂಬಿದ ಉಗ್ರಾಣ. ಕ್ಯಾಮೆರಾ ಗೀಮೆರಾ ಈ ಹಳೆಯ ಹೋಟೆಲಿಗೆ ಇನ್ನೂ ಬಂದಿರಲಿಲ್ಲ.

ಕೋಟೆಗೆ ಹೋಗುತ್ತೇನೆಂದು ಅವನು ಮೊದಲೇ ಯಾರಿಗೂ ಹೇಳಲಿಲ್ಲ. ದಡ್ಡರು ಊರಿಗೆಲ್ಲ ಡಂಗುರ ಹೊಡೆದು ಸಾಕ್ಷಿ ಸಿದ್ಧಮಾಡುತ್ತಾರೆ, ಪೊಲೀಸರಿಗೆ ಅಲ್ಲೇ ವಾಸನೆ ಹತ್ತುತ್ತದೆ. ಕೇಳಿದಾಗ ಸಹಜವಾಗಿ ಹೇಳುವುದು, ಹೇಳುವುದೆಲ್ಲ ಗುರುವಾರ ನಿಜವಾಗಿ ಕಂಡದ್ದನ್ನೇ ಹೇಳುವುದು. ಸುಳ್ಳು ಒಂದೇ, ವಾರದ ಹೆಸರು. ಬೂಟಿನ ಕೆಂಪು ಧೂಳನ್ನು ಅವನು ಒರೆಸಲಿಲ್ಲ. ಫೋನನ್ನು ಕೋಣೆಯಲ್ಲೇ ಬಿಟ್ಟ, ಅಲೆಯಲು ಹೋದಾಗ ಅವನು ಅದನ್ನು ಒಯ್ಯುವುದಿಲ್ಲವೆಂದು ಇಡೀ ವಿಭಾಗಕ್ಕೆ ಗೊತ್ತಿತ್ತು.

ಭಾನುವಾರ ಆರಕ್ಕೆ ಸ್ವಾಗತದ ಮೇಜಿನವನು ಗೊರಕೆ ಹೊಡೆಯುತ್ತಿದ್ದ. ವಿಲ್ಮಾರ್ ಕೋಣೆಯ ಕೀಲಿಯನ್ನು ಮೊಳೆಗೆ ಸಿಕ್ಕಿಸಿ, ಹಿಂಬದಿಯ ಮೆಟ್ಟಿಲು ಹತ್ತಿ, ಬಿಳಿ ಚಾದರಗಳ ನಡುವೆ ಕೂತ. ವಾರವೆಲ್ಲ ಕಿವಿ ಕಿತ್ತುಹಾಕಿದ್ದ ಬಸ್ಸಿನ ಹಾರ್ನುಗಳು ಇವತ್ತು ತೆಪ್ಪಗಿದ್ದವು. ದೈವಭಕ್ತರ ಊರು, ಎಲ್ಲ ಚರ್ಚಿಗೆ ಹೋಗಿರಬೇಕು. ಆ ಶಾಂತಿ ಅವನಿಗೆ ಹಿತವೆನಿಸಿತು.

ಒಂಬತ್ತಕ್ಕೆ ಕೆಳಗಿನಿಂದ ಮಾತು ಮೇಲೇರಿ ಬಂತು. ಅಡುಗೆಯ ಪ್ರಿಮಿತೀವಾಳ ಗಂಟಲು.

"ಇವತ್ತೂ ಅದೇ ಹುಲ್ಲಿನ ನೀರೇನಾ ಡಾಕ್ಟ್ರಪ್ಪಾ? ಒಂದು ಲೋಟ ಬಿಸಿ ಬಿಸಿ ಜೋಳದ ಆಪಿ ಕುಡಿದ್ರೆ ಮೈಗೆ ಹತ್ತುತ್ತೆ."

"ಮೈಗೆ ಹತ್ತಿದ್ದು ಸಾಕಾಗಿದೆ ತಾಯಿ, ಹೊಟ್ಟೆ ನೋಡು! ನೀನೇ ಬಂದ್ಬಿಡು ಮಾಂಟೆವಿಡಿಯೊಗೆ, ನನ್ನ ಹೆಂಡ್ತಿಗೆ ಅಡುಗೆ ಕಲ್ಸುವಂತೆ."

"ಅವಳ ಕೈಲಿ ಸೌಟಿನ ಏಟು ತಿನ್ನೋಕಾ? ಹೋಗಿ ಹೋಗಿ. ಮೆಟ್ಲು ಜೋಪಾನ! ಎರಡೂ ಕೈ ಅಡವಿಟ್ಟು ಮೆಟ್ಲು ಹತ್ತೋರನ್ನ ನಾನೆಲ್ಲೂ ಕಂಡಿಲ್ಲ."

ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆಂದರೂ ಸಿಗುತ್ತಿರಲಿಲ್ಲ. ವಿಲ್ಮಾರ್ ಹೆಜ್ಜೆ ಎಣಿಸಿದ. ಕೊನೆಯ ಮೆಟ್ಟಿಲಿಗೆ ಬಾಗಿಲು ತೆರೆದ.

"ಓ, ವಿಲ್ಮಾರ್!" ಏದುಸಿರು ಬಿಡುತ್ತಿದ್ದ ಒರೆಸ್ತೆಯ ಮುಖ ಅರಳಿತು. ಬುರುಡೆಯನ್ನು ಮುಂದೆ ಚಾಚಿದ. "ಹೊಸ ನೀರು ಕಣೋ. ತಗೋ, ಒಂದು ಗುಟುಕು."

ವಿಲ್ಮಾರ್ ಎರಡೂ ಅಂಗೈಗಳನ್ನು ಅವನ ಎದೆಗಿಟ್ಟು ದಬ್ಬಿದ.

ಕೂಗು ಬರಲಿಲ್ಲ. ಫ್ಲಾಸ್ಕು ಮಾತ್ರ ಕಲ್ಲಿನಿಂದ ಕಲ್ಲಿಗೆ ಠಣ್ ಠಣ್ ಎಂದು ಇಳಿದುಹೋಯಿತು. ಕತ್ತು ತಿರುಗಿ ಬಿದ್ದ ಭಂಗಿಯನ್ನು ವೈದ್ಯನ ಕಣ್ಣಿನಿಂದ ಒಮ್ಮೆ ನೋಡಿದ. ಎರಡನೇ ಸಲ ನೋಡುವ ಅಗತ್ಯ ಬೀಳಲಿಲ್ಲ. ಪ್ರಿಮಿತೀವಾ ಚೀರುವ ಹೊತ್ತಿಗೆ ಲಿಫ್ಟು ಅವನನ್ನು ಕೆಳಗಿಳಿಸುತ್ತಿತ್ತು.

ಉಗ್ರಾಣದಲ್ಲಿ ಸಮ್ಮೇಳನದ ಬಟ್ಟೆಯ ಬ್ಯಾನರುಗಳನ್ನು ಒಟ್ಟಿದ್ದರು. ಮೇಲಿನದರಲ್ಲಿ ಒರೆಸ್ತೆಯ ಆಳೆತ್ತರದ ನಗುಮುಖ. ವಿಲ್ಮಾರ್ ಅದರ ಮೇಲೇ ಕಾಲು ಚಾಚಿ ಮಲಗಿದ, ಬೂಟು ಸಮೇತ. "ಸಹಾಯಕರೊಬ್ಬರ ಕಾಲು," ಎಂದು ಆ ಮುಖಕ್ಕೆ ಹೇಳಿದ. ಬೆಳಗಿನಿಂದ ಅವನು ಮೊದಲ ಸಲ ಬಾಯಿ ಬಿಟ್ಟದ್ದು ಆಗ.

ಎರಡು ಗಂಟೆಗೆ ಎದ್ದು, ಸಾಲಾಗಿ ನಿಂತಿದ್ದ ಕಾರುಗಳ ನಡುವೆ ನಡೆದು, ಹ್ಯಾಟು ಹಿಂದೆ ಸರಿಸಿ, ಬಿಸಿಲಲ್ಲಿ ಬಳಲಿದವನ ಹಾಗೆ ಹಜಾರಕ್ಕೆ ಹತ್ತಿಬಂದ. ಎತ್ತರದ ಕಾಂಪೌಂಡಿನ ಹಿಂದಿನ ಆ ಹಜಾರದಲ್ಲಿ ಹತ್ತಾರು ಜನ ಸೇರಿದ್ದರು. ಕುಂಡದ ಗಿಡಕ್ಕೆ ಒಂದು ಸೈಕಲ್ಲು ಒರಗಿತ್ತು. ಅದರ ಪಕ್ಕದಲ್ಲಿ ಪೊಲೀಸ್ ಸಮವಸ್ತ್ರದ ದಪ್ಪನೆಯ ಹೆಂಗಸು ಬೆವರೊರೆಸಿಕೊಳ್ಳುತ್ತಿದ್ದಳು. ಪ್ಯಾಂಟಿನ ಬಲಗಾಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದಳು. ಕೊಲೆಯ ತನಿಖೆಗೆ ಸೈಕಲ್ಲು! ವಿಲ್ಮಾರನಿಗೆ ಆ ಬಡ ಇಲಾಖೆಯ ಬಗ್ಗೆ ಕನಿಕರವೇ ಬಂತು.

"ಲೆಫ್ಟಿನೆಂಟ್ ಸೆನೋಬಿಯಾ ವರಾಚಿ," ಎಂದಳು ಅವಳು. "ನಿಮ್ಮ ಗೆಳೆಯರು ಮೆಟ್ಲಿಂದ ಬಿದ್ದು ತೀರ್ಕೊಂಡ್ರು ಡಾಕ್ಟ್ರೇ. ಕೂತ್ಕೊಳ್ಳಿ, ನೀರು ಕುಡೀರಿ."

ಅವನು ಕುಸಿದು ಕೂತ. ಚೆನ್ನಾಗಿಯೇ ಕುಸಿದ.

"ಬೇಜಾರು ಮಾಡ್ಕೋಬೇಡಿ, ಎಲ್ಲರ್ನೂ ಒಂದು ಮಾತು ಕೇಳ್ತಿದ್ದೀನಿ. ಬೆಳಿಗ್ಗೆ ಎಲ್ಲಿದ್ರಿ?"

"ಇಂಕಾಯಾಕ್ತಾಕ್ಕೆ ಹೋಗಿದ್ದೆ. ಆರಕ್ಕೇ ಹೊರಟೆ." ಜೇಬಿನಿಂದ ರುಮಾಲಿನ ಜೊತೆಗೆ ಹಸಿರು ಟಿಕೆಟು ತಾನಾಗಿ ಬಿದ್ದಂತೆ ಬಿತ್ತು.

"ಅಷ್ಟು ದೂರ! ಹೇಗೆ ಹೋದ್ರಿ?"

"ಟ್ಯಾಕ್ಸಿ. ಬೀದೀಲಿ ಕೈ ತೋರ್ಸಿದೆ, ನಿಲ್ಸಿದ."

ಬಿಕ್ಕುತ್ತಿದ್ದ ಪ್ರಿಮಿತೀವಾ ಸೆರಗಿನಂಥ ಏಪ್ರನ್ನಿನಿಂದ ಮುಖ ಎತ್ತಿದಳು. ಹಜಾರದಲ್ಲಿ ಪಿಸುಮಾತು ನಿಂತಿತು. ಕೇಳುವವರ ಆ ಮೌನ ವಿಲ್ಮಾರನಿಗೆ ಹುರುಪು ಕೊಟ್ಟಿತು. ಬುಧವಾರ ಎರಡೂವರೆಗೆ ಸಿಗದಿದ್ದ ಸಭೆ ಇದು.

"ಡ್ರೈವರ್ ಹೆಸರು?"

"ಕೇಳ್ಲಿಲ್ಲ. ಮುಂದಿನ ಎರಡು ಹಲ್ಲಿರಲಿಲ್ಲ ಅವನಿಗೆ. ದಾರಿಯುದ್ದಕ್ಕೂ ರೇಡಿಯೊ ಜೊತೆ ಹಾಡ್ತಿದ್ದ. ಆಲೂಗಡ್ಡೆ ಲಾರಿ ಹಿಂದೆ ಸಿಕ್ಕಿಹಾಕ್ಕೊಂಡು ಅರ್ಧ ಗಂಟೆ ಹೋಯ್ತು, ಮಧ್ಯೆ ಪೆಟ್ರೋಲ್ ಬೇರೆ ಹಾಕಿಸ್ದ."

"ಆಲೂಗಡ್ಡೆ ಲಾರಿ," ಸೆನೋಬಿಯಾ ನಿಧಾನವಾಗಿ ಬರೆದುಕೊಂಡಳು. "ಇವತ್ತು?"

"ಇವತ್ತೇ. ವಾಪಸ್ಸೂ ಅವನೇ ಕರ್ಕೊಂಡು ಬಂದ. ಈಗ ತಾನೆ ನೆಲಮಾಳಿಗೇಲಿ ಇಳಿಸಿ ಹೋದ."

"ಇನ್ನೊಂದು ಸಲ ಯೋಚ್ನೆ ಮಾಡಿ ಹೇಳಿ ಡಾಕ್ಟ್ರೇ. ಆಘಾತದಲ್ಲಿ ಮನುಷ್ಯನಿಗೆ ದಿನ ಅದಲುಬದಲಾಗುತ್ತೆ."

ಅವಳ ದನಿಯಲ್ಲಿ ನಿಜವಾದ ಕರುಣೆ ಇತ್ತು. ವಿಲ್ಮಾರನಿಗೆ ಅದು ಅವಮಾನವಾಗಿ ಚುಚ್ಚಿತು. "ನಾನು ವಿಜ್ಞಾನಿ ಅಮ್ಮಾ. ದಿನ ಅದಲುಬದಲು ಮಾಡೋನಲ್ಲ. ಬರೀರಿ, ಭಾನುವಾರ, ಟ್ಯಾಕ್ಸಿ, ಆರರಿಂದ ಎರಡು."

ಅವಳು ಬರೆದಳು, ಓದಿ ಹೇಳಿದಳು. ಅವನು ದಪ್ಪಕ್ಷರದಲ್ಲಿ ಸಹಿ ಹಾಕಿದ. ಕಾಗದ ಮಡಿಸಿ ಜೇಬಿಗಿಟ್ಟು ಅವಳು ಸೈಕಲ್ಲು ಹಿಡಿದಳು. "ನಡೀರಿ, ಠಾಣೆಗೆ ಹೋಗಣ. ಹದಿನಾರು ಬೀದಿ ಆಗುತ್ತೆ."

"ನಡೆದಾ? ಜೀಪು ಕಳಿಸಕ್ಕೂ ಗತಿ ಇಲ್ವಾ ನಿಮ್ಮ ಇಲಾಖೆಗೆ?"

"ಜೀಪಿದೆ ಡಾಕ್ಟ್ರೇ. ಸಂಜೆ ಆರಾದ್ಮೇಲೆ ಹೊರಡುತ್ತೆ," ಎಂದು ಅವಳು ಕಾಂಪೌಂಡಿನ ಗೇಟು ಎಳೆದಳು.

ಹೊರಗೆ ಆರು ಸಾಲಿನ ಹೆದ್ದಾರಿ ಈ ತುದಿಯಿಂದ ಆ ತುದಿಯವರೆಗೆ ಒಂದು ದೊಡ್ಡ ಅಂಗಳವಾಗಿತ್ತು. ಟಾರಿನ ಮೇಲೆ ಕಂಬಳಿ ಹಾಸಿ ಸಂಸಾರಗಳು ಊಟಕ್ಕೆ ಕೂತಿದ್ದವು, ಎರಡು ದೀಪದ ಕಂಬಗಳ ನಡುವೆ ಬಲೆ ಕಟ್ಟಿ ಹೆಂಗಸರು ಚೆಂಡಾಡುತ್ತಿದ್ದರು, ನಟ್ಟನಡುವೆ ಕುರ್ಚಿ ಹಾಕಿಕೊಂಡು ಒಬ್ಬ ಮುದುಕಿ ಉಲ್ಲನ್ ಹೆಣೆಯುತ್ತಿದ್ದಳು. ಕಂಬಕ್ಕೆ ಹಚ್ಚಿದ್ದ ಸರಕಾರದ ಪ್ರಕಟಣೆಯನ್ನು ವಿಲ್ಮಾರ್ ಓದಿದ: ಸೆಪ್ಟೆಂಬರಿನ ಮೊದಲ ಭಾನುವಾರ, ಪಾದಚಾರಿಗಳ ದಿನ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ದೇಶದ ಯಾವ ಊರಿನಲ್ಲೂ ಮೋಟಾರು ವಾಹನ ರಸ್ತೆಗಿಳಿಯಕೂಡದು. "ಬನ್ನಿ," ಎಂದಳು ಸೆನೋಬಿಯಾ. ರಸ್ತೆಗೆ ಕಾಲಿಡುವ ಮೊದಲು ವಿಲ್ಮಾರ್ ನಿಂತು, ಅಭ್ಯಾಸದಂತೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ.