ಹಸಿರು ಟೇಪಿನ ಡಬ್ಬಿ

"ಇದೇನಮ್ಮ ಇದು? ಮನೆ ಪಾಲಾಯ್ತಾ? ನಂಗೆ ಯಾರೂ ಹೇಳ್ಲೇ ಇಲ್ವಲ್ಲ."

ಅತ್ತಿಗೆ ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡೇ ನಿಂತಿದ್ದಳು. ಕೈಯಲ್ಲಿ ಮೊಸರಿನ ಸಣ್ಣ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಹಸಿರು ಟೇಪಿನ ತುಂಡು, ಅದರ ಮೇಲೆ ಕಪ್ಪು ಶಾಯಿಯ ಗುಂಡಗಿನ ಅಕ್ಷರ: 'ಅತ್ತಿಗೆಗೆ'. ಒಳಕೋಣೆಯಲ್ಲಿ ಅಮ್ಮನ ತಲೆ ಬಾಚುತ್ತಿದ್ದ ನಾದಿನಿ ಬಾಚಣಿಗೆ ಹಿಡಿದುಕೊಂಡೇ ಓಡಿ ಬಂದಳು. ಅತ್ತಿಗೆಯ ದನಿ ಜೋರಾಗಿರಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

"ಅತ್ತಿಗೆ, ಅದು ನಿಮಗೇ ಅಂತ ತೆಗೆದಿಟ್ಟಿದ್ದು. ನಿನ್ನೆ ನೀವು ಊಟಕ್ಕೆ ಕೂತಾಗ ಮೊಸರು ಮುಗಿದೇ ಹೋಗಿತ್ತು, ಅದಕ್ಕೆ..."

"ತೆಗೆದಿಟ್ಟಿದ್ದು." ಅತ್ತಿಗೆ ಆ ಮಾತನ್ನು ಬಾಯಲ್ಲಿ ಒಮ್ಮೆ ತಿರುಗಿಸಿ ನೋಡಿದಳು. "ಈ ಮನೇಲಿ ತೆಗೆದಿಡೋದು ಯಾರಿಗೆ ಗೊತ್ತಾ? ಪಾತ್ರೆ ತೊಳೆಯೋಳಿಗೆ. ಅವಳಿಗೆ ಬೇರೆ ಡಬ್ಬಿ, ಬೇರೆ ಲೋಟ. ಆರು ವರ್ಷ ಎಲ್ರೂ ಉಂಡ ಮೇಲೆ ಪಾತ್ರೆ ತಳ ಕೆರೆದು ಉಂಡಿದೀನಿ ನಾನು. ಸಿಕ್ಕಿದ್ದು ಒಂದು ತುತ್ತೇ ಆದ್ರೂ ನೀವೆಲ್ಲ ಉಂಡ ಪಾತ್ರೇದೇ. ನೀನು ಎರಡು ವರ್ಷ ಹೊರಗಿದ್ದು ಬಂದು ನನ್ನ ಪಾಲು ಅಳೆದು ಚೀಟಿ ಅಂಟಿಸಿದ್ಯಾ?"

ಅತ್ತಿಗೆ ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಅಕ್ಕಿ ಡಬ್ಬದ ಹಿಂದೆ ಕೈಹಾಕಿ ಒಂದು ಕಾಗದ ಎಳೆದಳು. ಅಡ್ಡ ಒಂದು ಸಲ, ಉದ್ದ ಒಂದು ಸಲ ಹರಿದು ಕಸದ ಬುಟ್ಟಿಗೆ ಹಾಕಿದಳು.

"ಹೋಗಮ್ಮ, ಆರಾಮಾಗಿ ಹೋಗಿ ನಿನ್ನ ಓದು ಮುಗಿಸ್ಕೊಂಡು ಬಾ. ನಾನಿದ್ದೀನಲ್ಲ, ಚೀಟಿ ಅಂಟಿಸಿರೋ ಆಳು."

ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಅವಳು ಮಹಡಿಗೆ ಹೋದಳು. ನಾದಿನಿ ಬುಟ್ಟಿಯಿಂದ ಆ ನಾಲ್ಕು ತುಂಡು ಆರಿಸಿಕೊಂಡು ಅಡುಗೆಮನೆ ನೆಲದ ಮೇಲೆ ಜೋಡಿಸಿದಳು. ಶಿಕ್ಷಕಿಯರ ತರಬೇತಿ ಕಾಲೇಜಿನ ಪತ್ರ. ಮದುವೆಯಾದಾಗ ಅತ್ತಿಗೆ ಒಂದು ವರ್ಷದ ತರಬೇತಿ ಮುಗಿಸಿದ್ದಳು, ಇನ್ನೊಂದು ವರ್ಷ ಬಾಕಿ ಇತ್ತು. ಮಾವನಿಗೆ ಹುಷಾರಿಲ್ಲವೆಂದು ನಿಲ್ಲಿಸಿದ್ದು, ಮಾವ ಹೋದ ಮೇಲೂ ನಿಂತೇ ಇತ್ತು. ಬಾಕಿ ಉಳಿದ ವರ್ಷಕ್ಕೆ ಸೇರಲು ಇದೇ ಕೊನೆಯ ಅವಕಾಶ, ಬರುವ ಒಂದನೇ ತಾರೀಖು ಖುದ್ದಾಗಿ ಹಾಜರಾಗಬೇಕು, ತಪ್ಪಿದರೆ ಹಳೆಯದೆಲ್ಲ ರದ್ದು ಎಂದು ಪತ್ರದಲ್ಲಿತ್ತು. ಪತ್ರ ಬಂದದ್ದು ಎರಡು ತಿಂಗಳ ಹಿಂದೆ. ಅಷ್ಟೂ ದಿನ ಅದು ಅಕ್ಕಿ ಡಬ್ಬದ ಹಿಂದೆ ಇತ್ತು, ಮನೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಒಂದನೇ ತಾರೀಖು! ನಾದಿನಿಯ ಕಾಲೇಜೂ ಅದೇ ದಿನವನ್ನೇ ಹೇಳಿತ್ತು. ರಜೆಗೆಂದು ಆರು ವಾರಕ್ಕೆ ಬಂದವಳು ಅವಳು. ಬಂದ ಹತ್ತನೇ ದಿನ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದರು. ಎಬ್ಬಿಸಿ ಕೂರಿಸಲು, ಮೈ ಒರೆಸಲು, ಮಗ್ಗುಲು ಬದಲಿಸಲು ಇನ್ನು ಒಂದು ವರ್ಷವಾದರೂ ಮನೆಯಲ್ಲಿ ಒಬ್ಬರು ಇರಲೇಬೇಕು. ಅಣ್ಣ ಲಿಫ್ಟ್ ಮೆಕ್ಯಾನಿಕ್, ಕರೆದ ಕಡೆ ಓಡಬೇಕು. ಊರವರನ್ನೆಲ್ಲ ಮಹಡಿ ಹತ್ತಿಸುವ ಪುಣ್ಯಾತ್ಮ, ಹೆಂಡತಿಯ ಪರ ಮಾತಾಡಬೇಕೆಂದರೆ ಮಾತ್ರ ಎರಡು ಮಹಡಿಯ ನಡುವೆ ಸಿಕ್ಕಿಹಾಕಿಕೊಳ್ಳುತ್ತಿದ್ದ. ನಾದಿನಿಯ ಓದು ಇನ್ನು ಆರೇ ತಿಂಗಳು. ಒಂದನೇ ತಾರೀಖಿಗೆ ಹಿಂದಿರುಗದಿದ್ದರೆ ಜಾಗ ಬೇರೆಯವರಿಗೆ.

ಈ ಟೇಪಿನ ಚಾಳಿ ಅವಳಿಗೆ ಎಲ್ಲಿಂದ ಬಂತು ಅಂತ ಈಗ ಹೇಳಿಬಿಡಬೇಕು. ಇಲ್ಲದಿದ್ದರೆ ನೀವೂ ಅತ್ತಿಗೆಯ ಹಾಗೇ ಅವಳನ್ನು ತಪ್ಪು ತಿಳಿಯುತ್ತೀರಿ.

ಓದಲೆಂದು ಹೋದ ಪರದೇಶದಲ್ಲಿ ಅವಳಿದ್ದದ್ದು ನಾಲ್ಕನೇ ಮಹಡಿಯ ಮೂಲೆ ಕೋಣೆ. ಚಾವಣಿ ಒಂದು ಕಡೆ ಇಳಿಜಾರು, ಹಾಸಿಗೆಯಿಂದ ಅವಸರದಲ್ಲಿ ಎದ್ದರೆ ತಲೆಗೆ ಪೆಟ್ಟು. ಮೊದಲ ತಿಂಗಳು ಹಣೆಯ ಮೇಲೆ ಸದಾ ಒಂದು ಬುಗುಟು. ಹಳೆಯ ಕಾಗದ, ಹರಿದ ಪುಸ್ತಕ ದುರಸ್ತಿ ಮಾಡುವ ವಿದ್ಯೆ ಅವಳದು. ಅಣ್ಣ ಅವಳನ್ನು 'ರದ್ದಿ ಡಾಕ್ಟ್ರು' ಅಂತಲೇ ಕರೆಯುತ್ತಿದ್ದದ್ದು. ಉದ್ದನೆಯ ಮೇಜು, ಉತ್ತರಕ್ಕೆ ಕಿಟಕಿ, ಮೇಜಿನ ಮೇಲೆ ಯಾರೋ ಸತ್ತು ನೂರು ವರ್ಷವಾದವರ ಪತ್ರಗಳು. ಅಂಟು ಕಲಸಿ, ಬಟ್ಟೆಯಲ್ಲಿ ಸೋಸಿ, ಉಸಿರು ಬಿಗಿಹಿಡಿದು ಹರಿದ ಅಂಚು ಕೂಡಿಸುವ ಆ ಕೆಲಸದಲ್ಲಿ ದಿನವಿಡೀ ಮಾತೇ ಬೇಕಾಗಿರಲಿಲ್ಲ. ಆಮೇಲೆ ಬಸ್ಸು, ಆಮೇಲೆ ತೊಂಬತ್ತಾರು ಮೆಟ್ಟಿಲು, ಆಮೇಲೆ ಕೋಣೆ. ಕನ್ನಡದಲ್ಲಿ ಒಂದು ಮಾತಾಡಿ ಐದಾರು ದಿನವಾಗಿರುತ್ತಿತ್ತು. ನೀರು ಕಾಯಿಸುವ ಕೆಟಲ್ ಶಿಳ್ಳೆ ಹೊಡೆದರೆ "ಬಂದೆ ಕಣಪ್ಪ, ಕೂಗ್ಬೇಡ" ಎನ್ನುತ್ತಿದ್ದಳು. ತನ್ನ ದನಿ ತನಗೇ ಕೇಳಿಸಿ ಬೆಚ್ಚುತ್ತಿದ್ದಳು.

ಆರು ಜನಕ್ಕೆ ಒಂದೇ ಅಡುಗೆಮನೆ. ಫ್ರಿಜ್ಜಿನಲ್ಲಿ ತಲೆಗೆ ಅರ್ಧರ್ಧ ಖಾನೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಟೇಪು. ಇವಳದು ಹಸಿರು. ಒಬ್ಬಳು ಬೇಕರಿಯಲ್ಲಿ ಕೆಲಸ ಮಾಡಿಕೊಂಡು ಓದುವವಳು, ಇನ್ನೊಬ್ಬನಿಗೆ ಪ್ರಯೋಗಾಲಯ, ಮತ್ತೊಬ್ಬಳಿಗೆ ಸಂಜೆಯ ತರಗತಿ. ಒಬ್ಬರ ಮುಖ ಒಬ್ಬರು ನೋಡುವುದೇ ಅಪರೂಪ. ಎಲ್ಲರೂ ನಿಂತೇ ತಿನ್ನುವವರು, ತೊಳೆದಿಟ್ಟು ಹೋಗುವವರು. ಎರಡನೇ ತಿಂಗಳು ಅವಳಿಗೆ ಜ್ವರ ಬಂತು. ಮೂರು ದಿನ ಯಾರೂ ಬಾಗಿಲು ತಟ್ಟಲಿಲ್ಲ. ಅವಳು ಗೋಡೆಯ ಕಡೆ ಮುಖ ಮಾಡಿ ಅಮ್ಮಾ ಅಮ್ಮಾ ಎಂದು ಅತ್ತಳು... ನಾಲ್ಕನೇ ದಿನ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಫ್ರಿಜ್ಜು ತೆರೆದರೆ, ಅವಳ ಪಾಲಿನ ಜಾಗದಲ್ಲಿ ಮೂರು ಡಬ್ಬಿ ಸೂಪು. ದಿನಕ್ಕೊಂದರಂತೆ ಇಟ್ಟದ್ದು. ಮೇಲೆ ಹಳದಿ ಟೇಪು, ಅದರ ಮೇಲೆ ಇವಳ ಹೆಸರು, ಅದೂ ತಪ್ಪು ತಪ್ಪಾಗಿ. ಬೇಕರಿಯವಳ ಟೇಪು ಅದು. ಆಮೇಲಾಮೇಲೆ ತಿಳಿಯಿತು, ಆ ಮನೆಯಲ್ಲಿ ತಮ್ಮ ಹೆಸರು ಬರೆದರೆ 'ಮುಟ್ಟಬೇಡ' ಎಂದರ್ಥ, ಇನ್ನೊಬ್ಬರ ಹೆಸರು ಬರೆದರೆ 'ನೀನು ನನ್ನ ನೆನಪಲ್ಲಿದ್ದೀಯ' ಎಂದರ್ಥ. ಹೀಗೆ ಎರಡು ವರ್ಷ ಆ ಆರು ಜನ ಡಬ್ಬಿಗಳ ಮೇಲೆಯೇ ಮಾತಾಡಿಕೊಂಡರು. ಆ ತಪ್ಪು ಹೆಸರಿನ ಹಳದಿ ಟೇಪು ಇವತ್ತಿಗೂ ಅವಳ ಡೈರಿಯ ಮೊದಲ ಪುಟದಲ್ಲಿದೆ.

ಒಂಟಿಯಾಗಿದ್ದಳು, ಆದರೆ ಆ ದಿನಗಳು ಅವಳಿಗೆ ಪ್ರಾಣಕ್ಕಿಂತ ಹೆಚ್ಚು. ಬಟ್ಟೆ ಒಗೆಯುವ ಯಂತ್ರದ ಮುಂದೆ ಬೆಂಚಿನ ಮೇಲೆ ಕೂತು ಓದಿದ ಭಾನುವಾರಗಳು, ದಿನಾ ಅದೇ ಬಸ್ಸಿನಲ್ಲಿ ತಲೆಯಾಡಿಸುತ್ತಿದ್ದ ಉದ್ದ ಮೂಗಿನ ಡ್ರೈವರ್, ಅಂಟಿನ ಹಸಿ ವಾಸನೆ, "ನಿನ್ನ ಕೈ ಅವಸರ ಮಾಡೋದಿಲ್ಲ" ಎಂದು ಕಾಲೇಜಿನ ಮೇಷ್ಟರಮ್ಮ ಒಂದೇ ಒಂದು ಸಲ ಹೊಗಳಿದ್ದು. ಭಾನುವಾರ ಮನೆಗೆ ಫೋನು ಮಾಡಿ "ಅಮ್ಮ, ನಿನಗೆ ಮಂಡಿನೋವಂತೆ, ನಾನು ಬರ್ಲಾ?" ಎಂದರೆ ಅಮ್ಮನದು ಒಂದೇ ಉತ್ತರ: "ನೀನ್ಯಾಕೆ ಯೋಚ್ನೆ ಮಾಡ್ತೀಯ ಪುಟ್ಟಿ? ಅವಳಿದ್ದಾಳಲ್ಲ." ಅಪ್ಪನ ವರ್ಷದ ಕಾರ್ಯಕ್ಕೂ ಅವಳಿದ್ದಾಳಲ್ಲ. ಮನೆಗೆ ಸುಣ್ಣ ಹೊಡೆಸುವುದಕ್ಕೂ ಅವಳಿದ್ದಾಳಲ್ಲ. ಅತ್ತಿಗೆಗೂ ಒಂದು ಓದು ಇತ್ತೆಂದು ಆ ಎರಡು ವರ್ಷದಲ್ಲಿ ಒಂದು ಭಾನುವಾರವೂ ತನಗೆ ನೆನಪಾಗಲಿಲ್ಲವಲ್ಲ! ನೆಲದ ಮೇಲಿನ ನಾಲ್ಕು ತುಂಡುಗಳ ಮುಂದೆ ಕೂತು ನಾದಿನಿ ಬಿಕ್ಕಿದಳು. ತನ್ನ ಆ ಕೋಣೆ, ಆ ಮೇಜು, ಆ ಕಿಟಕಿ ಎಲ್ಲವೂ ಅತ್ತಿಗೆಯ ಬೆನ್ನ ಮೇಲೆ ನಿಂತಿದ್ದವು.

ಅತ್ತು ಮುಗಿದ ಮೇಲೆ ಎದ್ದಳು. ಸೂಟ್‌ಕೇಸಿನಿಂದ ಕುಂಚ, ತೆಳ್ಳನೆಯ ಕಾಗದ, ಅಂಚು ಉಜ್ಜಿ ಕೂರಿಸುವ ಮೂಳೆಯ ಪಟ್ಟಿ ತೆಗೆದಳು. ಒಂದು ಚಮಚ ಮೈದಾವನ್ನು ನೀರಲ್ಲಿ ಕಾಯಿಸಿ, ಹಳೆಯ ಪಂಚೆಯ ಚೂರಿನಲ್ಲಿ ಸೋಸಿದಳು. ಅಂಚಿಗೆ ಅಂಚು, ಅಕ್ಷರಕ್ಕೆ ಅಕ್ಷರ ಕೂಡಿಸಿದಳು. ಎರಡು ಪದರ ಬಿಳಿ ಬಟ್ಟೆಯ ನಡುವೆ ಇಟ್ಟು ಮೇಲೆ ಅಕ್ಕಿ ಡಬ್ಬ ಹೇರಿದಳು. ಆಮೇಲೆ ಕೂತು ಫೋನಿನಲ್ಲೇ ಮೇಷ್ಟರಮ್ಮನಿಗೆ ಪತ್ರ ಬರೆದಳು. ನಾಲ್ಕೇ ಸಾಲು. ಕಳಿಸಿ ಫೋನನ್ನು ಮಗುಚಿಟ್ಟಳು.

ಮಧ್ಯಾಹ್ನ ಅಣ್ಣ ಊಟಕ್ಕೆ ಬಂದಾಗ ಅಮ್ಮನ ಹಾಸಿಗೆಯ ಪಕ್ಕದಲ್ಲೇ ವಿಷಯ ತೆಗೆದಳು. ಅಮ್ಮ ದಿಂಬಿನಿಂದ ತಲೆ ಎತ್ತಿದರು.

"ಅವಳು ಓದೋಕೆ ಹೋಗೋದಾ? ಈ ವಯಸ್ಸಲ್ಲಿ? ಚೆನ್ನಾಗಿದೆ. ನಾನಿಲ್ಲಿ ಬಿದ್ದಿದ್ದೀನಿ, ನನ್ನ ಯಾರು ನೋಡ್ಕೋತಾರೆ?"

"ನಾನಿದ್ದೀನಲ್ಲಮ್ಮ."

"ನೀನಾ? ನಿಂಗೆ ಹೋಗ್ಬೇಕಲ್ಲೇ. ಇನ್ನಾರೇ ತಿಂಗಳು."

"ಅತ್ತಿಗೆಗೂ ಇನ್ನೊಂದೇ ವರ್ಷ ಇತ್ತಮ್ಮ. ಆರು ವರ್ಷದಿಂದ ಒಂದೇ ವರ್ಷ. ನಾನು ಬರಲ್ಲ ಅಂತ ಬರೆದಾಯ್ತು."

ಅಮ್ಮ ತಲೆಯನ್ನು ಮತ್ತೆ ದಿಂಬಿಗೆ ಇಳಿಸಿದರು. ಕಣ್ಣ ನೀರು ಕಿವಿಯ ಕಡೆಗೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆಗೆ ಎಲ್ಲವೂ ಕೇಳಿಸಿತ್ತು. ಅಣ್ಣ ತಟ್ಟೆ ನೋಡುತ್ತಲೇ, ಮದುವೆಯಾದ ಮೇಲೆ ಮೊದಲ ಸಲ, ಹೆಂಡತಿಯ ಪರ ಒಂದು ಪೂರ್ತಿ ವಾಕ್ಯ ಹೇಳಿದ: "ಅವಳು ಹೋಗ್ಲಿ ಅಮ್ಮ, ನಾನೇ ಕರ್ಕೊಂಡ್ಹೋಗಿ ಬಿಟ್ಟು ಬರ್ತೀನಿ."

ಆಮೇಲೆ ಅಡುಗೆಮನೆಯಲ್ಲಿ ಅತ್ತಿಗೆ ಅಕ್ಕಿ ಡಬ್ಬ ಸರಿಸಿ ಪತ್ರ ಎತ್ತಿ ಬೆಳಕಿಗೆ ಹಿಡಿದಳು. ಹರಿದ ಗೆರೆ ಕೂದಲೆಳೆಯಷ್ಟು ಮಾತ್ರ ಕಾಣುತ್ತಿತ್ತು.

"ಇದನ್ನ ಯಾಕೆ ಅಂಟಿಸೋಕೆ ಹೋದೆ?"

"ನಾನು ಕಲಿತಿರೋದು ಇದೊಂದೇ ಅಲ್ವಾ ಅತ್ತಿಗೆ."

"ನಿನ್ನ ಓದು ಹಾಳಾಗುತ್ತೆ ಕಣೇ."

"ಹೌದು, ಹಾಳಾಗುತ್ತೆ." ನಾದಿನಿ ಸುಳ್ಳು ಹೇಳಲಿಲ್ಲ. ಆಮೇಲೆ ಹಳದಿ ಟೇಪಿನ ಕಥೆ ಹೇಳಿದಳು. ಮೂರು ಡಬ್ಬಿ ಸೂಪಿನ ಕಥೆ, ಮೂರು ದಿನದ ಜ್ವರದ ಕಥೆ. ಫೋನಿನಲ್ಲಿ ಯಾರಿಗೂ ಹೇಳಿರದ ಕಥೆ.

ಅತ್ತಿಗೆ ಕೇಳುತ್ತಾ ಕೇಳುತ್ತಾ ನೆಲಕ್ಕೆ ಕೂತಳು. "ಜ್ವರ ಬಂದಿತ್ತು ಅಂತ ನಂಗಾದ್ರೂ ಹೇಳ್ಬಾರ್ದಿತ್ತಾ? ಪಾಪಿ... ನಾವಿಲ್ಲಿ ನೀನು ಮಜವಾಗಿದೀಯ ಅಂದ್ಕೊಂಡಿದ್ವಲ್ಲೇ." ನಾದಿನಿಯ ತಲೆಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಸೊಸೆಯಾಗಿ ಈ ಮನೆಗೆ ಬಂದ ಮೇಲೆ ಅತ್ತಿಗೆ ಯಾರ ಎದುರೂ ಅತ್ತಿರಲಿಲ್ಲ. ಆ ದಿನ ಅತ್ತಳು. ಅತ್ತು ಮೂಗು ಒರೆಸಿಕೊಂಡು, "ಊಟ ಮಾಡಿದ್ಯಾ? ಮತ್ತೆ ಕುದುರೆ ಹಾಗೆ ನಿಂತ್ಕೊಂಡೇ ತಿಂದ್ಯಾ?" ಎಂದು ಬೈದಳು.

ಒಂದನೇ ತಾರೀಖು ಬೆಳಗ್ಗೆ ಅತ್ತಿಗೆ ಹೊರಟಳು. ಅಣ್ಣ ಟ್ರಂಕು ಹೊತ್ತ. ಅಮ್ಮ ಸೊಸೆಯ ಕೈ ಹಿಡಿದು, ಹಿಡಿದ ಕೈ ಬಿಡದೆ, "ಚೆನ್ನಾಗಿ ಓದು, ಬೇಗ ಬಾ" ಎಂದಷ್ಟೇ ಹೇಳಿದರು. ನಾದಿನಿ ಗೇಟಿನವರೆಗೆ ಹೋಗಿ ರಿಕ್ಷಾ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು. ಕಾಲೇಜಿನ ಗುಮಾಸ್ತ ಆ ಪತ್ರವನ್ನು ಎರಡು ಸಲ ತಿರುಗಿಸಿ ನೋಡಿ, ಏನೂ ಕೇಳದೆ ಮೊಹರು ಒತ್ತಿದನೆಂದು ಮಧ್ಯಾಹ್ನ ಫೋನು ಬಂತು.

ಆ ಹೊತ್ತಿಗೆ ಅಮ್ಮನಿಗೆ ಉಣಿಸಿ, ಮೈ ಒರೆಸಿ, ಮಗ್ಗುಲು ಬದಲಿಸಿ, ಬಟ್ಟೆ ನೆನೆಹಾಕಿ ನಾದಿನಿ ಅಡುಗೆಮನೆಗೆ ಬಂದಿದ್ದಳು. ಮನೆ ಸದ್ದಿಲ್ಲದೆ ಇತ್ತು. ದೂರದ ಆ ಮೂಲೆ ಕೋಣೆಯಲ್ಲೂ ಇದೇ ಹೊತ್ತಿಗೆ ಇನ್ಯಾರೋ ಬೀಗ ತೆರೆಯುತ್ತಿರಬಹುದು, ಚಾವಣಿಗೆ ತಲೆ ತಾಗಿಸಿಕೊಳ್ಳುತ್ತಿರಬಹುದು. ಪಾತ್ರೆಯ ತಳದಲ್ಲಿದ್ದ ಅನ್ನವನ್ನು ನಿಂತೇ ತಟ್ಟೆಗೆ ಬಡಿಸಿಕೊಂಡು, ಮೊಸರಿಗೆಂದು ಫ್ರಿಜ್ಜು ತೆರೆದಳು.

ಅದೇ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಹಸಿರು ಟೇಪು, ಹಲ್ಲಲ್ಲಿ ಕಚ್ಚಿ ಹರಿದದ್ದು. ಅದರ ಮೇಲೆ ಅತ್ತಿಗೆಯ ಓರೆ ಅಕ್ಷರ: 'ನಾದಿನಿಗೆ. ಕೂತು ತಿನ್ನು. ನಾಳೆಗೆ ಹುಳಿಯಾಗುತ್ತೆ, ಇವತ್ತೇ ಮುಗಿಸು.'

ಅವಳು ಟೇಪನ್ನು ಮೂಲೆಯಿಂದ ಮೆಲ್ಲಗೆ, ಒಂದು ಎಳೆಯೂ ಹರಿಯದಂತೆ ಬಿಡಿಸಿ ಡೈರಿಯಲ್ಲಿ ಹಳದಿ ಟೇಪಿನ ಕೆಳಗೆ ಅಂಟಿಸಿದಳು. ಒಳಕೋಣೆಯಿಂದ ಅಮ್ಮನ ದನಿ ಬಂತು.

"ಯಾರಿದ್ದೀರಿ ಅಲ್ಲಿ?"

"ನಾನಿದ್ದೀನಮ್ಮ. ಊಟ ಮಾಡಿ ಬರ್ತೀನಿ."

ತಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಳು. ಡಬ್ಬಿ ಖಾಲಿಯಾಗುವವರೆಗೂ ಏಳಲಿಲ್ಲ.