ಯುಟ್ಟಾಳ ಮದುವೆಯ ಹೊದಿಕೆ

“ಆ ಹೊದಿಕೆ ಒಳಗೆ ಮಲಗ್ಬೇಡಿ ಧಣಿ. ಮಲಗಲೇಬೇಕು ಅಂದ್ರೆ ಅದರ ಅಂಚಿನ ಹೊಲಿಗೆ ಮಾತ್ರ ಬಿಚ್ಚಬೇಡಿ,” ಎಂದಳು ಮುದಿ ದಾಸಿ ಗೇರ್ಟಾ.

ಡೀಟ್ಮಾರ್ ನಕ್ಕ. ರೈನ್ ನದಿಯಾಚೆಯಿಂದ ಮೊನ್ನೆಯಷ್ಟೇ ಬಂದ ಮದುಮಗ, ಎರಡು ಯುದ್ಧ ಕಂಡವನು, ಹೊಲಿಗೆಗೆ ಹೆದರುತ್ತಾನೆಯೇ? “ಯಾಕಜ್ಜಿ, ಸೂಜಿ ಚುಚ್ಚುತ್ತಾ?” ಎಂದು ರೇಗಿಸಿದ.

ಗೇರ್ಟಾ ಕಣ್ಣಾರೆ ಕಂಡದ್ದನ್ನು ಹೇಳಿದಳು. ಮದುಮಗಳು ಯುಟ್ಟಾಳನ್ನು ಅವಳ ಅಣ್ಣ ಉಲ್ರಿಖ್ ಹದಿನಾಲ್ಕನೆಯ ವಯಸ್ಸಿಗೇ ಕೊನ್ರಾಡನಿಗೆ ಮದುವೆಮಾಡಿ ಕೊಟ್ಟಿದ್ದ. ಕೊನ್ರಾಡ್ ಜ್ವರದಲ್ಲಿ ಸತ್ತು ನಲವತ್ತು ದಿನ ಕಳೆದಿರಲಿಲ್ಲ, ಅಣ್ಣ ಅವಳಿಗೆ ಇನ್ನೊಂದು ಮದುವೆ ಗೊತ್ತುಮಾಡಿದ. ಕೊನ್ರಾಡನ ತಾಯಿ ಅಳಲಿಲ್ಲ, ಜಗಳವಾಡಲಿಲ್ಲ. ಮಗನ ಹೆಣಕ್ಕೆ ಸುತ್ತಿದ್ದ ಬಟ್ಟೆಯ ಒಂದು ಪಟ್ಟಿಯನ್ನು ರೇಷ್ಮೆ ಹೊದಿಕೆಯ ಅಂಚಿನೊಳಗಿಟ್ಟು, ಏನೋ ಗೊಣಗುತ್ತ ಹೊಲಿದು, ಸೊಸೆಗೆ ಉಡುಗೊರೆ ಕೊಟ್ಟಳು. ಉಲ್ರಿಖ್ ಅಂಥ ರೇಷ್ಮೆಯನ್ನು ಬಿಟ್ಟಾನೆಯೇ! ಅದರಡಿ ಮಲಗಿದ ಎರಡನೆಯ ಗಂಡ ವರ್ಷದೊಳಗೆ ಸತ್ತ. ಮೂರನೆಯವನು ತಿಂಗಳೂ ಬಾಳಲಿಲ್ಲ.

ಯುಟ್ಟಾಳಿಗೆ ಈಗ ಇಪ್ಪತ್ತೆರಡು. ನಿನ್ನ ಮನಸ್ಸೇನು ಎಂದು ಕೇಳಿದ ಮೊದಲ ಗಂಡಸು ಡೀಟ್ಮಾರ್. ಅದಕ್ಕೇ ಅವಳಿಗೆ ಅವನ ಮೇಲೆ ಪ್ರೀತಿ, ಅದಕ್ಕೇ ಭಯ. “ಇನ್ನೊಂದು ಹೆಣ ನೋಡೋ ಶಕ್ತಿ ನನಗಿಲ್ಲ. ಈಗಲೇ ಹೊರಟುಬಿಡಿ,” ಎಂದು ಬೇಡಿಕೊಂಡಳು. ಅವನು ಹೋಗಲಿಲ್ಲ.

ಸಂಜೆ ಪಾದ್ರಿ ಹಾಸಿಗೆಗೆ ಪವಿತ್ರಜಲ ಚಿಮುಕಿಸಿದ. ನೆಂಟರು ಬಟ್ಟಲು ಹಿಡಿದು ಸುತ್ತ ನಿಂತರು. ಒಂದೇ ಹೊದಿಕೆ ಇಬ್ಬರನ್ನೂ ಮುಚ್ಚಿದ್ದನ್ನು ನಾಲ್ಕು ಜನ ನೋಡದಿದ್ದರೆ ಆ ಸೀಮೆಯಲ್ಲಿ ಅದು ಮದುವೆಯೇ ಅಲ್ಲ. ಆ ರೇಷ್ಮೆ ಹೊದಿಕೆಯನ್ನು ಉಲ್ರಿಖ್ ತಾನೇ ಹೊದಿಸಿದ.

ಹಸಿಮಣ್ಣಿನ ವಾಸನೆ. ಆರಿದ ಮೇಣದಬತ್ತಿಯ ಕಮಟು. ಡೀಟ್ಮಾರನ ಕಾಲಿಗೆ ಇನ್ನೊಂದು ಕಾಲು ತಾಗಿತು, ಬಾವಿಯ ನೀರಿನಷ್ಟು ತಣ್ಣಗೆ. ಯುಟ್ಟಾಳದಿರಬೇಕು ಎಂದುಕೊಂಡ. ಆದರೆ ಅವಳು ಮೊಣಕಾಲುಗಳನ್ನು ಎದೆಗೆ ಅವಚಿಕೊಂಡು ಮಲಗಿದ್ದಳು.

ಅವನ ನಗು ನಿಂತಿತು. ದಿಂಬಿನ ಪಕ್ಕದ ಚೂರಿ ಎಳೆದುಕೊಂಡ. ಅಂಚನ್ನು ಸರ್ರನೆ ಸೀಳಿದ. ಬಾಗಿಲ ಬಳಿ ಗೇರ್ಟಾ “ಬೇಡ” ಎಂದದ್ದು ನೆಂಟರ ಗದ್ದಲದಲ್ಲಿ ಅಡಗಿತು. ಕಂದು ಕಲೆಯ ಪಟ್ಟಿ ಹೊರಬಂತು. ಕೋಣೆಯ ಒಲೆಯ ಬೆಂಕಿಗೆ ಎಸೆದ. ಹೊದಿಕೆಯೊಳಗಿನ ಚಳಿ ಥಟ್ಟನೆ ಹೋಯಿತು. ಯುಟ್ಟಾ ಎಷ್ಟೋ ವರ್ಷಗಳ ಮೇಲೆ ಮನಸಾರೆ ನಕ್ಕಳು, ನೆಂಟರು ಹೋದಮೇಲೆ ಅವನ ತೋಳಿನ ಮೇಲೆ ತಲೆಯಿಟ್ಟು ನಿದ್ದೆಹೋದಳು.

ಬೆಳಗಾದಾಗ ಡೀಟ್ಮಾರ್ ಬದುಕಿದ್ದ. ಮಲಗಿದ್ದವಳನ್ನು ಎಬ್ಬಿಸದೆ ಕಾಣಿಕೆ ತರಲು ಕೆಳಗಿಳಿದ. ಮದುವೆಯ ಮಾರನೆಯ ಬೆಳಗಿನ ಕಾಣಿಕೆ ಕೊಟ್ಟವನೇ ಗಂಡ, ಅದು ಅಲ್ಲಿನ ಕಟ್ಟಳೆ. ಜೇನುಬಣ್ಣದ ಮಣಿಸರ ಹಿಡಿದು ಮತ್ತೆ ಮೆಟ್ಟಿಲು ಹತ್ತಿದ. ಸಾಕ್ಷಿಗೆಂದು ನೆಂಟರೂ ಹಿಂದೆ ಬಂದರು.

ಬಾಗಿಲು ತೆರೆದ. ಹಸಿಮಣ್ಣಿನ ವಾಸನೆ. ಕರೆದ. ಯುಟ್ಟಾ ಕದಲಲಿಲ್ಲ. ಕೈ ಹಿಡಿದ. ತಣ್ಣಗಿತ್ತು. ಬೆರಳಲ್ಲಿ ಉಂಗುರ. ಅವನು ತೊಡಿಸಿದ್ದಲ್ಲ. ಕಿಲುಬು ಹಿಡಿದದ್ದು. ಮಣ್ಣು ಮೆತ್ತಿದ್ದು.

ಗೇರ್ಟಾ ಅದನ್ನು ಗುರುತಿಸಿದಳು. “ಕೊನ್ರಾಡ್ ಧಣಿಗಳ ಜೊತೆ ಹೂತಿದ್ದ ಉಂಗುರ ಇದು. ಆ ತಾಯಿ ಮಗನನ್ನ ಹೊದಿಕೆಗೇ ಹೊಲಿದಿಟ್ಟಿದ್ಲು. ಯುಟ್ಟಾಳ ಮಗ್ಗುಲಿಗೆ ಬಂದೋರನ್ನ ಕೊಲ್ಲೋದಷ್ಟೇ ಅವನ ಕೈಲಿ ಆಗ್ತಿತ್ತು, ಅವಳನ್ನ ಮುಟ್ಟೋಕೆ ಆಗ್ತಿರಲಿಲ್ಲ. ನೀವು ಬಿಚ್ಚಿಬಿಟ್ರಿ, ಧಣಿ.”

ಡೀಟ್ಮಾರ್ ಸರವನ್ನು ಯುಟ್ಟಾಳ ಕೊರಳಿಗೆ ಹಾಕಲು ಬಾಗಿದ. ಹೊದಿಕೆ ಜಾರಿತು. ಅವನು ಎದ್ದುಹೋದ ಜಾಗದಲ್ಲಿ ಆಳುದ್ದದ ತಗ್ಗು, ತಗ್ಗಿನ ತುಂಬ ಒದ್ದೆ ಮಣ್ಣು. ಬೆಳಗಿನ ಕಾಣಿಕೆ ಆಗಲೇ ಅವಳ ಬೆರಳಿಗೆ ಸಂದಿತ್ತು. ನೆಂಟರೆಲ್ಲ ಬಾಗಿಲಲ್ಲಿ ನಿಂತು ನೋಡಿದರು.